ಎತ್ತರ ಒಂದನ್ನೇ ನೋಡಿ ಕೆಳಗೆ ತಳ್ಬೇಡಿ
ಐಸ್ ಹಾಕಿ ಡ್ರಾಫ್ಟ್ (ತಂಡಗಳು ಸರದಿ ಪ್ರಕಾರ ಎಳೇ ಆಟಗಾರರನ್ನ ಆರಿಸ್ಕೊಳ್ಳೋದು) ಬಗ್ಗೆ ನೀವು ಬರೆದಿರೋದ್ರಲ್ಲಿ ಹದಿನೇಳರ ಹುಡುಗನ್ನ ಬರೀ ಐದಡಿ ಒಂಬತ್ತಿಂಚು ಅಂತ ಮೂರನೇ ರೌಂಡ್‌ಗೆ ತಳ್ಳಿದೀರಲ್ಲ, ನನಗಂತೂ ಒಪ್ಪಿಗೆ ಇಲ್ಲ. ಬ್ರೇಡನ್ ಪಾಯಿಂಟ್ ಅನ್ನೋ ಆಟಗಾರನ್ನೂ ಕುಳ್ಳ ಅಂತ 2014ರ ಎನ್‌ಎಚ್‌ಎಲ್ (ಉತ್ತರ ಅಮೆರಿಕದ ದೊಡ್ಡ ಐಸ್ ಹಾಕಿ ಲೀಗ್) ಡ್ರಾಫ್ಟ್‌ನಲ್ಲಿ 79ನೇ ನಂಬರ್‌ವರೆಗೂ ಯಾರೂ ಮುಟ್ಟಲಿಲ್ಲ, ಆಮೇಲೆ ಟ್ಯಾಂಪಾ ಬೇ ತಂಡದ ಜೊತೆ 2020, 2021 ಎರಡು ವರ್ಷನೂ ಆ ಲೀಗ್‌ನ ಚಾಂಪಿಯನ್‌ಗೆ ಕೊಡೋ ಸ್ಟಾನ್ಲಿ ಕಪ್ ಗೆದ್ದ. ಗೋಲು ಅಸಿಸ್ಟ್ ಲೆಕ್ಕಕ್ಕಿಂತ ಹುಡುಗ ಪಕ್ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ತನ್ನ ಹತ್ರ ಬರೋಕೆ ಮುಂಚೆನೇ ತಲೆ ತಿರುಗಿಸಿ ಹಿಂದೆ ಯಾರಿದಾರೆ ಅಂತ ನೋಡ್ಕೋತಾನಾ, ಬೋರ್ಡ್ಸ್ (ಅಂಗಳದ ಸುತ್ತಲ ಗೋಡೆ) ಹತ್ರ ದೊಡ್ಡ ಡಿಫೆನ್ಸ್‌ಮನ್ ಒತ್ತಿದಾಗ ಪಕ್ ಬಿಟ್ಟುಕೊಡ್ತಾನಾ ಇಲ್ಲ ಮೈ ಅಡ್ಡ ಕೊಟ್ಟು ಉಳಿಸ್ಕೋತಾನಾ ಅದನ್ನ ನೋಡ್ಬೇಕು. ಇನ್ನೊಂದು ಹುಟ್ಟಿದ ತಾರೀಖು. ಸೆಪ್ಟೆಂಬರ್ 15ರೊಳಗೆ 18 ತುಂಬಿದ್ರೆ ಈ ವರ್ಷದ ಡ್ರಾಫ್ಟ್‌ಗೆ ಬರ್ತಾನೆ, ಒಂದಿನ ತಡ ಆದ್ರೂ ಮುಂದಿನ ವರ್ಷ, ಹಾಗಾಗಿ ಒಂದೇ ಡ್ರಾಫ್ಟ್‌ನ ಹುಡುಗರ ಮಧ್ಯೆ ಸುಮಾರು ಒಂದು ವರ್ಷ ಅಂತರ ಇರ್ಬಹುದು. ನೀವೇ ಬರೆದಿರೋ ಹಾಗೆ ಇವನು ಆಗಸ್ಟ್‌ನಲ್ಲಿ ಹುಟ್ಟಿದೋನು, ಅಂದ್ರೆ ಈ ಡ್ರಾಫ್ಟ್‌ನ ಚಿಕ್ಕೋರಲ್ಲಿ ಒಬ್ಬ, ಮೈಕಟ್ಟು ಇನ್ನೂ ತುಂಬೋದಿದೆ, ನಾನಾಗಿದ್ರೆ ಮೊದಲನೇ ರೌಂಡ್ ಕೊನೇಲೇ ಎತ್ಕೋತಿದ್ದೆ.