ತೆಂಗಿನಕಾಯಿಗೆ ಮೂಗಿಲ್ಲ

ಅರಿಜೋನಾದ ಟೂಸಾನ್ ನಗರದಲ್ಲಿ ಹಾವೆಲೀನಾ ಎಂಬ ಕಾಡುಪ್ರಾಣಿಯನ್ನು ನೋಡಲು ಬೇಟೆಗೆ ಹೋಗಬೇಕಾಗಿಲ್ಲ. ಅಕ್ಟೋಬರ್ ಕೊನೆಯಲ್ಲಿ ಹ್ಯಾಲೊವೀನ್ ಎಂದು ಮನೆಯ ಮುಂದೆ ಕುಂಬಳಕಾಯಿ ಇಟ್ಟರೆ ಸಾಕು, ರಾತ್ರಿ ಸಂಸಾರ ಸಮೇತ ಬಂದು ಬೀಜವನ್ನೂ ಬಿಡದೆ ಮುಗಿಸಿ ಹೋಗುತ್ತವೆ. 2023ರಲ್ಲಿ ಇದೇ ರಾಜ್ಯದ ಸೆಡೋನಾ ಕಡೆಯ ಗಾಲ್ಫ್ ಮೈದಾನವೊಂದನ್ನು ಉತ್ತು ಹಾಕಿ ಪತ್ರಿಕೆಗಳಲ್ಲೂ ಬಂದಿದ್ದವು. ದುಡ್ಡು ಕೊಟ್ಟು ಪರವಾನಗಿ ಪಡೆದು, ಬಿಲ್ಲು ಹಿಡಿದು ನಾವೇ ಹುಡುಕಿಕೊಂಡು ಹೋದಾಗ ಮಾತ್ರ ಅವುಗಳಿಗೆ ನಮ್ಮ ಮೇಲೆ ಅಷ್ಟು ಅಕ್ಕರೆ ಇರುವುದಿಲ್ಲ.

ನೋಡಲು ಹಂದಿಯೇ. ಆದರೆ ಪ್ರಾಣಿಶಾಸ್ತ್ರಜ್ಞರು ಅದನ್ನು ಹಂದಿಯ ಕುಟುಂಬಕ್ಕೆ ಸೇರಿಸುವುದಿಲ್ಲ. ಅದು ಪೆಕರಿ ಎಂಬ ಬೇರೆ ಮನೆತನದ್ದು. ಸುಮಾರು ಇಪ್ಪತ್ತು ಕಿಲೋ ತೂಕ, ಕುತ್ತಿಗೆಯ ಸುತ್ತ ಬಿಳಿಯ ಪಟ್ಟಿ, ಬೆನ್ನಿನ ಹಿಂಭಾಗದಲ್ಲಿ ದುರ್ನಾತದ ಒಂದು ಗ್ರಂಥಿ. ಒಂದರ ಮೈಗೆ ಇನ್ನೊಂದು ಅದನ್ನು ಉಜ್ಜಿಕೊಂಡು ಹಿಂಡಿನವರೆಲ್ಲ ಒಂದೇ ವಾಸನೆಯಲ್ಲಿ ಒಗ್ಗಟ್ಟಾಗಿರುತ್ತಾರೆ. ಕಣ್ಣು ಬಹಳ ಮಂದ. ಹತ್ತಡಿ ದೂರದಲ್ಲಿ ಅಲುಗಾಡದೆ ನಿಂತವನನ್ನು ಮರ ಎಂದುಕೊಂಡು ಮುಂದೆ ಹೋಗುವ ಪ್ರಾಣಿ. ಆ ಕೊರತೆಯನ್ನೆಲ್ಲ ದೇವರು ಮೂಗಿನಲ್ಲಿ ತುಂಬಿಕೊಟ್ಟಿದ್ದಾನೆ.

ನಾನು ಕೊಡಗಿನವನು ಎಂದು ತಿಳಿದ ದಿನವೇ ನನ್ನ ಅಮೆರಿಕನ್ ಸಹೋದ್ಯೋಗಿ ನನ್ನನ್ನು ಹುಟ್ಟು ಬೇಟೆಗಾರನೆಂದು ತೀರ್ಮಾನಿಸಿದ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯೇನಿದ್ದರೂ ಅಜ್ಜಂದಿರ ಬಾಯಲ್ಲಿ ಮಾತ್ರ, ನನ್ನ ಶೌರ್ಯವೆಲ್ಲ ಕೈಲ್‌ಪೊಳ್ದ್ ಹಬ್ಬಕ್ಕೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದಿರುವುದರಲ್ಲಿ ಮುಗಿಯಿತು ಎಂದು ವಿವರಿಸಿದೆ. ಅವನು ಕೇಳಿಸಿಕೊಂಡದ್ದು 'ಗುಂಡು ಹೊಡೆದಿರುವುದು' ಎಂಬಷ್ಟನ್ನು. ತೆಂಗಿನಕಾಯಿಗೆ ಮೂಗಿಲ್ಲ ಎಂಬ ಮುಖ್ಯ ವ್ಯತ್ಯಾಸ ಆಗ ಇಬ್ಬರಿಗೂ ಹೊಳೆಯಲಿಲ್ಲ.

ಇಲ್ಲಿ ಬೇಟೆಗೆ ಲಾಟರಿ ಇದೆ. ಜನವರಿಯ ಬಿಲ್ಲುಬೇಟೆಗೆ ಹಿಂದಿನ ವರ್ಷವೇ ಅರ್ಜಿ ಹಾಕಬೇಕು. ಚೀಟಿಯಲ್ಲಿ ಹೆಸರು ಬಂದವರಿಗೆ ಮಾತ್ರ ಟ್ಯಾಗ್. ಇಬ್ಬರೂ ಒಂದೇ ಅರ್ಜಿಯಲ್ಲಿ ಹೆಸರು ಬರೆದೆವು, ಇಬ್ಬರಿಗೂ ಬಂತು. ಸುದ್ದಿ ತಿಳಿದ ಅಮ್ಮ ಮಡಿಕೇರಿಗೆ ಬಂದಿದ್ದ ಯಾರದೋ ಕೈಯಲ್ಲಿ, ಪಂದಿಕರಿಗೆ ಹಾಕುವ ಕೊಡಗಿನ ಹುಳಿಯಾದ ಕಾಚಂಪುಳಿಯ ಬಾಟಲಿ ಕಳುಹಿಸಿಕೊಟ್ಟಳು. ಕೂಸು ಹುಟ್ಟುವ ಮುನ್ನ ಕುಲಾವಿ ಎಂದರೆ ಇದೇ. ಹಂದಿಯಲ್ಲದ ಪ್ರಾಣಿಯಿಂದ ಪಂದಿಕರಿ ಮಾಡಬಹುದೇ ಎಂಬ ಧರ್ಮಸೂಕ್ಷ್ಮದ ಬಗ್ಗೆ ಫೋನಿನಲ್ಲಿ ಎರಡು ತಲೆಮಾರುಗಳ ಚರ್ಚೆ ನಡೆದು, ಕಾಳುಮೆಣಸು ಜಾಸ್ತಿ ಹಾಕಿದರೆ ಆಗಬಹುದು ಎಂದು ತೀರ್ಪಾಯಿತು.

ಬಿಲ್ಲಿನ ಬಗ್ಗೆ ಹೇಳಲೇಬೇಕು. ಯಕ್ಷಗಾನದಲ್ಲಿ ಕಾಣುವ ಬಿಲ್ಲಲ್ಲ, 1969ರಲ್ಲಿ ಪೇಟೆಂಟ್ ಆದ ಕಾಂಪೌಂಡ್ ಬಿಲ್ಲು. ತುದಿಗಳಲ್ಲಿ ಗಾಲಿಗಳು, ಉದ್ದಕ್ಕೂ ತಂತಿಗಳು. ಹೆದೆಯನ್ನು ಪೂರ್ತಿ ಎಳೆದು ಹಿಡಿದಾಗ ಭಾರದ ಬಹುಪಾಲನ್ನು ಗಾಲಿಗಳೇ ಹೊರುತ್ತವೆ. ಇಂದ್ರಕೀಲದಲ್ಲಿ ಒಂದು ಹಂದಿಗೆ ಅರ್ಜುನನದೊಂದು, ಕಿರಾತನದೊಂದು ಬಾಣ ತಗುಲಿ, ಹಂದಿ ಯಾರದು ಎಂದು ಜಗಳವೇ ಆಯಿತಲ್ಲ. ನಾವೂ ಇಬ್ಬರು ಬಿಲ್ಲುಗಾರರು, ಅಂಥ ಪರಿಸ್ಥಿತಿ ಬಂದರೆ ತೊಡೆಗಳನ್ನು ಹೇಗೆ ಹಂಚಿಕೊಳ್ಳುವುದೆಂದು ಮೊದಲೇ ಒಪ್ಪಂದ ಮಾಡಿಕೊಂಡೆವು.

ಟೂಸಾನ್‌ನಿಂದ ದಕ್ಷಿಣಕ್ಕೆ, ಮೆಕ್ಸಿಕೊ ಗಡಿಯತ್ತ ಹೋಗುವ ಹೆದ್ದಾರಿ. ಅಮೆರಿಕದಲ್ಲಿ ದೂರದ ಫಲಕಗಳು ಕಿಲೋಮೀಟರಿನಲ್ಲಿರುವ ಅಪರೂಪದ ರಸ್ತೆ ಇದು. ಲೆಕ್ಕ ತಪ್ಪದೆ ಎಲ್ಲಿಗಾದರೂ ತಲುಪಿದೆನೆಂಬ ಸಮಾಧಾನ ನನಗೆ ಸಿಕ್ಕಿದ್ದು ಇಲ್ಲಿ ಮಾತ್ರ. ಬೆಳಕು ಹರಿಯುವ ಮುನ್ನವೇ ಸಾಂಟಾ ರೀಟಾ ಬೆಟ್ಟಗಳ ತಪ್ಪಲಿನಲ್ಲಿದ್ದೆವು. ಮರುಭೂಮಿ ಎಂದರೆ ಸೆಕೆ ಎಂದುಕೊಂಡವರು ಜನವರಿಯಲ್ಲಿ ಇಲ್ಲಿಗೆ ಬರಬೇಕು. ಮೇಲೆ 2,881 ಮೀಟರಿನ ರೈಟ್ಸನ್ ಶಿಖರದಲ್ಲಿ ಹಿಮ, ಕೆಳಗೆ ನನ್ನ ಮೂಗಿನ ತುದಿ ಇದೆಯೋ ಇಲ್ಲವೋ ಎಂದು ಆಗಾಗ ಮುಟ್ಟಿ ನೋಡಿಕೊಳ್ಳುವ ಸ್ಥಿತಿ.

ಗೆಳೆಯ ಜೇಬಿನಿಂದ ಒಂದೊಂದೇ ಸಾಮಾನು ತೆಗೆದು ಜೋಡಿಸಿಕೊಂಡ. ದುರ್ಬೀನು, ಗಾಳಿಯ ದಿಕ್ಕು ನೋಡಲು ಪೌಡರಿನ ಪುಟ್ಟ ಬಾಟಲಿ, ಚಿಮಟ, ಒಂದು ಬಾಚಣಿಗೆ. ಅವನ ತಲೆಯಲ್ಲಿ ಕೂದಲು ಎಂಬುದಿಲ್ಲ. ನಾನು ಸಭ್ಯನಾದ್ದರಿಂದ ಕೇಳಲಿಲ್ಲ.

ಬೇಟೆಯ ಬಹುಪಾಲು ಕುಳಿತು ನೋಡುವ ಕೆಲಸ. ಚಳಿಯ ಬೆಳಗಿನಲ್ಲಿ ಹಾವೆಲೀನಾಗಳು ಬಿಸಿಲು ಬೀಳುವ ಇಳಿಜಾರಿಗೆ ಬರುತ್ತವೆ, ಅಲ್ಲೇ ಕಣ್ಣಿಟ್ಟಿರಬೇಕು. ಕಣ್ಣಿಟ್ಟೆವು. ಆ ಬೆಟ್ಟದಲ್ಲಿ ಹಾವೆಲೀನಾದ ಬಣ್ಣ, ಗಾತ್ರ, ಬೆನ್ನಿನ ಬಾಗು ಎಲ್ಲವೂ ಇರುವ ಬಂಡೆಗಳು ಲೆಕ್ಕವಿಲ್ಲದಷ್ಟಿವೆ. ಒಂದು ಬಂಡೆ ಕಿವಿ ಅಲುಗಿಸಿತು ಎಂದು ನಾನು ಆಣೆ ಮಾಡಿ ಹೇಳಿದೆ. ಬಂಡೆ ಅಲ್ಲೇ ಇತ್ತು, ಈಗಲೂ ಇರಬೇಕು. ಕೊನೆಗೆ ಅದರ ಪಕ್ಕದಲ್ಲಿದ್ದ, ನಾವು ಬಂಡೆಗಳೆಂದು ತಳ್ಳಿಹಾಕಿದ್ದ ನಾಲ್ಕೈದು ಎದ್ದು ನಡೆದವು. ತಿಂಡಿ ಮುಗಿಸಿ ಜಗಲಿಗೆ ಬಂದು ಕೂರುವ ಅಜ್ಜಂದಿರ ಹಾಗೆ ಬಿಸಿಲು ಹುಡುಕಿ ನಿಂತು, ಪಾಪಾಸುಕಳ್ಳಿಯನ್ನು ಮುಳ್ಳಿನ ಸಮೇತ ಜಗಿಯತೊಡಗಿದವು.

ಹಳ್ಳಕ್ಕೆ ಇಳಿದು, ಆಚೆ ದಂಡೆ ಹತ್ತಿ, ಅವುಗಳ ಕೆಳಗಿನಿಂದ ಹೋಗುವ ಯೋಜನೆ. ಬೆಳಗಿನ ತಂಪುಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ಹಾಗಾಗಿ ಕೆಳಗಿರುವ ನಮ್ಮ ವಾಸನೆ ಅವಕ್ಕೆ ಸಿಗದು. ಅಂಗೈ ಅಗಲದ ಶಾಸ್ತ್ರ, ಗಟ್ಟಿಯಾದದ್ದೇ. ಆದರೆ ದಾರಿಯಲ್ಲಿ ನಮ್ಮ ಸೀಗೆಯ ದಾಯಾದಿಯಾದ ಕ್ಯಾಟ್‌ಕ್ಲಾ ಪೊದೆಗಳಿದ್ದವು. ಅಂಗಿ ಬಿಡಿಸಿಕೊಂಡರೆ ಪ್ಯಾಂಟು, ಪ್ಯಾಂಟು ಬಿಡಿಸಿಕೊಂಡರೆ ಬಿಲ್ಲಿನ ತಂತಿ. ಪ್ರತಿ ಪೊದೆಯೂ ನಿಲ್ಲಿಸಿ ಕ್ಷೇಮಸಮಾಚಾರ ವಿಚಾರಿಸಿತು. ಅಷ್ಟರಲ್ಲಿ ಸೂರ್ಯ ಬೆಟ್ಟದ ಮೈ ಕಾಯಿಸಿದ. ಕಾದ ಗಾಳಿ ಮೇಲಕ್ಕೆ ಏರುತ್ತದೆ. ಗೆಳೆಯ ಪೌಡರ್ ಚಿಮ್ಮಿಸಿದ. ಬಿಳಿಯ ಮೋಡ ನಮ್ಮನ್ನು ಬಿಟ್ಟು ನೆಟ್ಟಗೆ ಹಿಂಡಿನತ್ತ ಹೊರಟಿತು.

'ವೂಫ್' ಎಂಬ ಶಬ್ದ. ಆಮೇಲೆ ಕಟಕಟ ಹಲ್ಲು ಕಡಿಯುವ ಸದ್ದು. ವಾಸನೆ ಬಂದದ್ದು ಗೊತ್ತು, ಎಲ್ಲಿಂದ ಎಂದು ಕಣ್ಣಿಗೆ ಕಾಣದು. ಆದ್ದರಿಂದ ಅವು ಎಲ್ಲ ದಿಕ್ಕಿಗೂ ಓಡಿದವು. ಇದನ್ನೇ ಜನ ಹಾವೆಲೀನಾ ಮೈಮೇಲೆ ಬಂತು ಎಂದು ಹೇಳುವುದು. ಒಂದು ನಿಜವಾಗಿಯೂ ಬಂತು. ಆರಡಿಯ ಗೆಳೆಯ, ಆ ವಯಸ್ಸಿಗೆ ಶೋಭಿಸದ ಚುರುಕಿನಿಂದ, ಪಕ್ಕಕ್ಕೆ ಹಾರಿದ. ಪಕ್ಕದಲ್ಲಿ ಚೋಯಾ ಕಳ್ಳಿ ಇತ್ತು.

ಚೋಯಾ ತಾನೇ ಹಾರಿ ಅಂಟಿಕೊಳ್ಳುತ್ತದೆ ಎಂದು ಇಲ್ಲಿನವರು ಹೇಳುತ್ತಾರೆ. ಹಾರುವುದಿಲ್ಲ; ಅದರ ತುಂಡುಗಳು ಸ್ವಲ್ಪ ತಾಗಿದರೂ ಗಿಡದಿಂದ ಕಳಚಿಕೊಳ್ಳುತ್ತವೆ, ಮುಳ್ಳುಗಳಲ್ಲಿ ಹಿಮ್ಮುಖ ಕೊಕ್ಕೆಗಳಿವೆ. ಕೈಯಿಂದ ಎಳೆದರೆ ಕೈಗೆ ಬರುತ್ತದೆ. ಬಾಚಣಿಗೆಯ ಗುಟ್ಟು ಆಗ ತಿಳಿಯಿತು. ಅದನ್ನು ತುಂಡಿನ ಅಡಿಗೆ ತೂರಿಸಿ ಒಂದೇ ಏಟಿಗೆ ಚಿಮ್ಮಿಸಬೇಕು, ಆ ಹೊತ್ತಿಗೆ ಎದುರಿಗೆ ಯಾರೂ ನಿಂತಿರಬಾರದು. ಉಳಿದ ಮುಳ್ಳುಗಳಿಗೆ ಚಿಮಟ. ಕಂಪನಿಯಲ್ಲಿ ನನಗಿಂತ ಎರಡು ದರ್ಜೆ ಮೇಲಿರುವ ವ್ಯಕ್ತಿ ಪ್ಯಾಂಟು ಮೊಣಕಾಲಿಗೆ ಇಳಿಸಿಕೊಂಡು ಬಂಡೆಯ ಮೇಲೆ ಬೋರಲಾಗಿ ಮಲಗಿದ. ನಾನು ಅಮ್ಮನಿಗೆ ಎಂದೂ ವರದಿ ಮಾಡಲಾಗದ ಪ್ರದೇಶಗಳಲ್ಲಿ ಮುಳ್ಳು ಹುಡುಕತೊಡಗಿದೆ.

ಆಗ ಪೊದೆಯ ಹಿಂದಿನಿಂದ ಜಗಿಯುವ ಸದ್ದು ಬಂತು. ಓಟದಲ್ಲಿ ಹಿಂದೆ ಉಳಿದಿದ್ದ ಒಂದು ಹಾವೆಲೀನಾ ಕಳ್ಳಿ ಮೇಯುತ್ತಾ ಹೊರಗೆ ಬಂದು, ಹತ್ತು ಹೆಜ್ಜೆ ದೂರದಲ್ಲಿ ನಿಂತು ನಮ್ಮತ್ತ ತಲೆಯೆತ್ತಿತು. ಗೆಳೆಯನ ಬಿಲ್ಲು ಚೋಯಾದ ನಡುವೆ ಇತ್ತು. ನನ್ನದು ಮೆಸ್ಕೀಟ್ ಮರಕ್ಕೆ ಒರಗಿತ್ತು, ಮರ ಹಾವೆಲೀನಾದ ಆಚೆ ಬದಿಯಲ್ಲಿತ್ತು. ನನ್ನ ಕೈಯಲ್ಲಿದ್ದ ಆಯುಧ ಬಾಚಣಿಗೆ. ಪ್ರಾಣಿ ನಮ್ಮನ್ನು ಸಾಕಷ್ಟು ಹೊತ್ತು ಪರಿಶೀಲಿಸಿ, ಬಂಡೆಗಳೆಂದು ತೀರ್ಮಾನಿಸಿ, ಇನ್ನೊಂದು ಎಲೆ ಕಿತ್ತುಕೊಂಡಿತು.

ಬೋರಲಾಗಿದ್ದ ಗೆಳೆಯ ಬಲಗೈಯನ್ನು ಮೆಲ್ಲಗೆ ಜೇಬಿನತ್ತ ಒಯ್ದು ಪೌಡರಿನ ಬಾಟಲಿ ತೆಗೆದು ಒಮ್ಮೆ ಒತ್ತಿದ. ಮೋಡ ನಮ್ಮ ಮುಖಕ್ಕೇ ಬಂತು.

"ನೋಡಿದೆಯಾ, ಈಗ ಗಾಳಿ ಸರಿಯಾಗಿದೆ," ಎಂದ.