ದೋಸೆ ಆಡುಮಾತಲ್ಲ, ಅದೇ ಸರಿ
"ದೋಸಾ ಅನ್ನೋದೇ ಸರಿಯಾದ ಉಚ್ಚಾರಣೆ, ದೋಸೆ ಬರೀ ಆಡುಮಾತು" ಅಂತ ಬರ್ದಿದೀರಲ್ಲ ಸರ್, ಇದನ್ನ ಖಂಡಿತ ಒಪ್ಪೋಕಾಗಲ್ಲ. ತಮಿಳಲ್ಲಿ ತಲೈ, ಇಲೈ, ವಡೈ ಅಂತ ಇರೋದು ನಮ್ಮಲ್ಲಿ ತಲೆ, ಎಲೆ, ವಡೆ, ಅದೇ ಲೆಕ್ಕದಲ್ಲಿ ಅವರ ದೋಸೈ ನಮಗೆ ದೋಸೆ, ಇದ್ರಲ್ಲಿ ಆಡುಮಾತು ಎಲ್ಲಿಂದ ಬಂತು? ಮಲಯಾಳಿಗಳು ದೋಶ ಅಂತಾರೆ, ಅವರ ಭಾಷೇಲಿ ಅದು ಸರಿ, ಯಾರೂ ತಿದ್ದೋಕೆ ಹೋಗಲ್ಲ. ಇಂಗ್ಲಿಷ್ ಮೆನು ನೋಡಿ ಓದಿದ್ರೆ ದೋಸಾ ಅನ್ಸುತ್ತೆ, ಇನ್ನೂ ಮುಂದೆ ಹೋದ್ರೆ ಡೋಸಾ. ಬೆಂಗಳೂರಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಮೊನ್ನೆ ಹೋಟೆಲಲ್ಲಿ "ಒಂದು ಮಸಾಲಾ ಡೋಸಾ" ಅಂದ್ಲು, ನಿಜವಾಗ್ಲೂ ಸಂಕಟ ಆಯ್ತು. ದಾವಣಗೆರೇಲಿ ಬೆಣ್ಣೆ ದೋಸೆ ಅಂತಾನೇ ಕೇಳ್ತಾರೆ, ನಾವು ಮನೇಲಿ ಮಕ್ಕಳಿಗೂ ಹಾಗೇ ಹೇಳ್ಕೊಡ್ಬೇಕು.