ಕಕ್ಕಡದ ಕರೆಂಟು

ಮನೆಯ ವಿದ್ಯುತ್ತಿನ ಭವಿಷ್ಯದ ಬಗ್ಗೆ ಯಾರು ಏನೇ ಹೇಳಿದರೂ ಕೊಡಗಿನವರು ಮೊದಲು ಕೇಳುವುದು, ಅದು ಕಕ್ಕಡದಲ್ಲಿ ನಡೆಯುತ್ತದೆಯೇ ಎಂದು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ಮಳೆಯಲ್ಲಿ ತೋಟದ ಸಿಲ್ವರ್ ಓಕ್ ಲೈನಿನ ಮೇಲೆ ಒರಗುವುದು, ಕಂಬ ವಾಲುವುದು, ಲೈನ್‌ಮನ್ ಕೆಸರಿನಲ್ಲಿ ತಂತಿಯ ಜಾಡು ಹಿಡಿದು ಬರುವುದು ಪಂಚಾಂಗದಲ್ಲಿ ಅಚ್ಚಾಗಬೇಕಾದಷ್ಟು ಖಚಿತ. ಕರೆಂಟು ಹೋದರೆ ಇಲ್ಲಿ ಏಕೆಂದು ಯಾರೂ ಕೇಳುವುದಿಲ್ಲ. ಯಾವ ಮರ ಎಂದು ಕೇಳುತ್ತಾರೆ.

ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಕಚ್ಚಿಸಿ ಎಳೆದ ವಯರು, ಕಪ್ಪು ದುಂಡು ಸ್ವಿಚ್ಚು, ಪಿಂಗಾಣಿಯ ಫ್ಯೂಸು ಇನ್ನೂ ಅಲ್ಲಲ್ಲಿ ಉಳಿದಿವೆ. ಹೊಸ ಮನೆಗಳಿಗೆ ಆರ್‌ಸಿಸಿಬಿ ಎಂಬ, ಕರೆಂಟು ಸೋರಿದರೆ ತಾನೇ ಆಫ್ ಆಗುವ ಸ್ವಿಚ್ಚಿನ ಪೆಟ್ಟಿಗೆ ಬಂದಿದೆ. 30 ಮಿಲಿ ಆಂಪಿಯರಿನಷ್ಟು ಕರೆಂಟು ಭೂಮಿಗೆ ಸೋರಿದರೂ ಅದು ತಟ್ಟನೆ ಬಿದ್ದು ಜೀವ ಉಳಿಸುತ್ತದೆ. ಗೋಡೆಯೇ ಬೆವರುವ ಮಳೆಗಾಲದಲ್ಲಿ ಅದು ಪದೇ ಪದೇ ಬೀಳುವುದೂ ಉಂಟು. ಆಗ ಸೋರಿಕೆ ಎಲ್ಲಿದೆಯೆಂದು ಹುಡುಕಿಸುವ ಬದಲು ಆ ಪೆಟ್ಟಿಗೆಯನ್ನೇ ಬೈಪಾಸ್ ಮಾಡಿಸುವ ಮಹನೀಯರಿದ್ದಾರೆ. ಬೊಗಳಿತೆಂದು ಕಾವಲು ನಾಯಿಯನ್ನೇ ಓಡಿಸಿದ ಹಾಗೆ.

ಮುಂದಿನ ಕಾಲ ಡಿ.ಸಿ., ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್ತಿನದು ಎನ್ನುವ ವಾದದಲ್ಲಿ ಹುರುಳಿದೆ. ಸೋಲಾರ್ ಫಲಕ ಕೊಡುವುದು ಡಿ.ಸಿ., ಬ್ಯಾಟರಿ ಹಿಡಿದಿಡುವುದು ಡಿ.ಸಿ., ಎಲ್‌ಇಡಿ ದೀಪ, ಮೊಬೈಲುಗಳ ಒಳಗೆ ಕೊನೆಗೆ ಬೇಕಾಗುವುದೂ ಡಿ.ಸಿ.; ಆದರೂ ನಡುವೆ ಅದನ್ನು ಹಿಂದೆ ಮುಂದೆ ದಿಕ್ಕು ಬದಲಿಸುವ 230 ವೋಲ್ಟಿನ ಎ.ಸಿ. ಮಾಡಿ, ಗೋಡೆಯೊಳಗೆ ಓಡಿಸಿ, ಚಾರ್ಜರಿನಲ್ಲಿ ಪುನಃ ಡಿ.ಸಿ. ಮಾಡಿಕೊಳ್ಳುತ್ತೇವೆ, ಎರಡೂ ಕಡೆ ಒಂದಿಷ್ಟನ್ನು ಶಾಖವಾಗಿ ಕಳೆಯುತ್ತೇವೆ. ಈ ಸುತ್ತುಬಳಸನ್ನು ತಪ್ಪಿಸಲೆಂದು ಐಐಟಿ ಮದ್ರಾಸಿನವರು ಮನೆಗಳಿಗೆ 48 ವೋಲ್ಟಿನ ಡಿ.ಸಿ. ವ್ಯವಸ್ಥೆ ರೂಪಿಸಿದರು. ತೊಡಕಿರುವುದು ತಂತಿಯ ದಪ್ಪದಲ್ಲಿ: ವೋಲ್ಟು ಇಳಿದಷ್ಟೂ ಅದೇ ಕೆಲಸಕ್ಕೆ ಕರೆಂಟು ಹೆಚ್ಚು ಬೇಕು, ಕರೆಂಟು ಹೆಚ್ಚಿದಷ್ಟೂ ತಂತಿ ದಪ್ಪಗಾಗಬೇಕು. 2000 ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿಗೆ ತೃಪ್ತಿಪಟ್ಟರೆ, 48 ವೋಲ್ಟಿನಲ್ಲಿ ನಲವತ್ತಕ್ಕೂ ಹೆಚ್ಚು ಬೇಡುತ್ತದೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗೆ ಭಾರೀ ವೋಲ್ಟೇಜಿನಲ್ಲಿ ಒಯ್ದದ್ದೂ ಇದೇ ಲೆಕ್ಕಾಚಾರದಿಂದ. ಹಂಡೆಗೆ ಕಾಫಿ ಗಿಡದ ಸೌದೆ ಉರಿಸಿ ಮೀಯುವ ನಮ್ಮವರಿಗೆ ಗೀಸರಿನ ಚಿಂತೆ ಅಷ್ಟಾಗಿ ಬಾಧಿಸದು. ಅಂದಹಾಗೆ, ಡಿ.ಸಿ. ನಮಗೆ ಹೊಸತೇನಲ್ಲ: ಫಲಕ, 12 ವೋಲ್ಟಿನ ಬ್ಯಾಟರಿ, ಸೆಕೆಂಡಿಗೊಮ್ಮೆ ಟಕ್ ಎನ್ನುವ ಯಂತ್ರ, ಇಷ್ಟರಿಂದ ತೋಟದ ಸೋಲಾರ್ ಬೇಲಿ ಎಂದಿನಿಂದಲೋ ನಡೆಯುತ್ತಿದೆ. ಈ ವಿಷಯದಲ್ಲಿ ಆನೆಗಳು ನಮಗಿಂತ ಅನುಭವಸ್ಥರು.

ಮಾಡಿನ ಮೇಲಿನ ಸೋಲಾರಿಗೆ 2024ರಿಂದ ಕೇಂದ್ರ ಸರ್ಕಾರ 78,000 ರೂಪಾಯಿವರೆಗೆ ಸಹಾಯಧನ ಕೊಡುತ್ತಿದೆ. ಆದರೆ ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಸೋಲಾರು, ಲೈನ್ ಸತ್ತಾಗ ತಾನೂ ಆಫ್ ಆಗುತ್ತದೆ. ಇಲ್ಲವಾದರೆ ಕಂಬ ಹತ್ತಿದವನಿಗೆ ನಮ್ಮ ಮಾಡಿನ ಕರೆಂಟು ಹೊಡೆದೀತು. ಬ್ಯಾಟರಿ ಇಟ್ಟರೂ ಕಕ್ಕಡದ ಸೂರ್ಯ ಸಂಬಳವಿಲ್ಲದ ರಜೆಯಲ್ಲಿರುತ್ತಾನೆ. ಹಾಗಾಗಿ ನನಗೆ ಹೆಚ್ಚು ಭರವಸೆಯಿರುವುದು ತೋಡಿನ ಮೇಲೆ. ಗುಡ್ಡದಿಂದ ಪೈಪಿನಲ್ಲಿ ನೀರಿಳಿಸಿ ಪುಟ್ಟ ಟರ್ಬೈನ್ ತಿರುಗಿಸುವ, ಒಂದು ಕಿಲೋವ್ಯಾಟ್ ಆಸುಪಾಸಿನ ಪಿಕೊ ಹೈಡ್ರೊ ಮಲೆನಾಡಿನ ಎಷ್ಟೋ ಒಂಟಿಮನೆಗಳಿಗೆ ಬೆಳಕು ಕೊಟ್ಟಿದೆ. ಬಿಸಿಲು ಸೋಲುವ ತಿಂಗಳಲ್ಲೇ ತೋಡು ತುಂಬುತ್ತದೆ, ತೋಡು ಬತ್ತುವ ಹೊತ್ತಿಗೆ ಬಿಸಿಲು ಮರಳುತ್ತದೆ. ಕಸ ಸಿಕ್ಕಿದ ಜಾಲರಿಯನ್ನು ಸುರಿಮಳೆಯಲ್ಲಿ ಬಿಡಿಸಬೇಕಾದವರು ಯಾರು ಎಂಬ ಜಗಳವೊಂದು ಮಾತ್ರ ಮನೆಯೊಳಗೆ ಬಾಕಿ.

ಆದ್ದರಿಂದ ಹೊಸ ಮನೆ ಕಟ್ಟುವವರಿಗೆ ನಾನು ಹೇಳುವುದಿಷ್ಟೇ: ದೀಪ, ಫ್ಯಾನುಗಳ ವಯರಿಂಗನ್ನು ಬೇರೆಯಾಗಿಯೇ ಎಳೆಸಿ, ಗಾರೆಗೆ ಮೊದಲು ಗೋಡೆಯೊಳಗೆ ಒಂದು ಪೈಪನ್ನು ಖಾಲಿ ಬಿಡಿಸಿರಿ. ಮುಂದೆ ಯಾವ ಕರೆಂಟು ಬಂದರೂ ಅದಕ್ಕೊಂದು ದಾರಿಯಿರಲಿ. ಎಲೆಕ್ಟ್ರಿಷಿಯನ್ನರು ಇದಕ್ಕೆ ಕೂಡಲೇ ಒಪ್ಪುತ್ತಾರೆ. ಏನೂ ಇಲ್ಲದ ಪೈಪಿಗೆ ಮೀಟರಿನ ಲೆಕ್ಕದಲ್ಲಿ ಹಣ ಏಕೆ ಕೊಡಬೇಕೆಂದು ಮನೆಯ ಯಜಮಾನರು ಕೇಳುವಾಗ ಮಾತ್ರ, ಅವರು ನನ್ನ ಕಡೆ ಕೈ ತೋರಿಸುತ್ತಾರೆ.